ವಾಸನೆಯ ಕಾಲಂ

ಜನವರಿ 12, ಸೋಮವಾರ. ಬೆಳಿಗ್ಗೆ 10-40ಕ್ಕೆ ಅಲ್ ಖೋಬರ್‌ನ ಪೊಲೀಸ್ ಠಾಣೆಗೆ ಇಲ್ಹಾಮ್ ಎಂಬ ಯುವತಿ ದಪ್ಪನೆಯ ಫೈಲೊಂದನ್ನು ಅವಚಿಕೊಂಡು ಬಂದಳು. ಜಲೀದ್ ಸ್ಕ್ವೇರ್ ಎಂಬ ಹೊಸ ವಸತಿ-ವಾಣಿಜ್ಯ ಸಂಕೀರ್ಣದಲ್ಲಿ ಅವಳು ಸುರಕ್ಷತಾ ಅಧಿಕಾರಿ. ದೂರು ಲಿಖಿತವಾಗಿತ್ತು. ಹಿಂದಿನ ದಿನ ಬೆಳಿಗ್ಗೆ 9-17ಕ್ಕೆ ಅಲ್ಲಿನ ಯಂತ್ರಕೋಣೆಯಲ್ಲಿ ಅಮೋನಿಯಾ ಅನಿಲ ಸೋರಿ ಸಾದುಲ್ಲಾ ಎಂಬ ಮೆಕ್ಯಾನಿಕ್ ಗಂಭೀರವಾಗಿ ಗಾಯಗೊಂಡಿದ್ದಾನೆ. ಅದಕ್ಕೆ ಒಂಬತ್ತು ನಿಮಿಷ ಮೊದಲು, ಬಡಿದುಕೊಳ್ಳುತ್ತಿದ್ದ ಅಲಾರಂ ಅನ್ನು ಆಪರೇಟರ್ ಅಜ್ಮಲ್ ತನ್ನ ಕೋಡ್ ಒತ್ತಿ ನಿಲ್ಲಿಸಿದ್ದಾನೆ. ಅವನ ಮೇಲೆ ಕ್ರಮ ಕೈಗೊಳ್ಳಬೇಕು.

ಕ್ಯಾಪ್ಟನ್ ನವ್ವಾಫ್ ದೂರನ್ನು ಎರಡು ಸಲ ಓದಿದ. ನಮ್ಮ ಎಫ್‌ಐಆರ್‌ಗೆ ಸಮನಾದದ್ದು 11-05ಕ್ಕೆ ದಾಖಲಾಯಿತು.

ಮರಳುಗಾಡಿನಲ್ಲಿ ಐಸ್ ಹಾಕಿಯೇ ಎಂದು ನಗುವವರು ಒಮ್ಮೆ ಜಲೀದ್ ಸ್ಕ್ವೇರ್‌ಗೆ ಹೋಗಿ ನೋಡಬೇಕು. ಎರಡು ಐಸ್ ರಿಂಕ್‌ಗಳನ್ನು ನಡುವಿಗಿಟ್ಟು ಸುತ್ತ ಒಂದು ಪೇಟೆಯನ್ನೇ ಕಟ್ಟಿದ್ದಾರೆ. ಕೆಳಗೆ ಅಂಗಡಿ, ಹೋಟೆಲು, ಅದರ ಮೇಲೆ ಕಚೇರಿಗಳು, ಅದಕ್ಕೂ ಮೇಲೆ ಮನೆಗಳು. ಮನೆ ಕೊಂಡವರು ಸೋಫಾದಲ್ಲಿ ಕಾಲು ಚಾಚಿಕೊಂಡೇ ಗಾಜಿನಾಚೆ ಮಕ್ಕಳು ಕೋಲು ಹಿಡಿದು ಜಾರುವುದನ್ನು ನೋಡಬಹುದು. ಆ ಐಸು ಕರಗದಂತೆ ಅಮೋನಿಯಾದಿಂದ ತಂಪು ಮಾಡುತ್ತ ಹಗಲಿರುಳು ಓಡುವ ಯಂತ್ರಗಳು ನೆಲಮಾಳಿಗೆಯಲ್ಲಿವೆ. ಮೇಲಿನವರಿಗೆ ಅವುಗಳ ಸದ್ದೂ ಕೇಳಿಸುವುದಿಲ್ಲ, ಅಲ್ಲಿ ದುಡಿಯುವವರ ಮುಖವೂ ಕಾಣಿಸುವುದಿಲ್ಲ. ಆ ಮುಖಗಳಲ್ಲಿ ಹೆಚ್ಚಿನವು ನಮ್ಮವರದು. ಈ ಕೇಸಿನ ಕತೆ ಹೇಳಲು ನಾಚಿಕೆಯಾಗುವುದೂ ಅದಕ್ಕೇ.

ಆಸ್ಪತ್ರೆಯ ಬಾಗಿಲಲ್ಲಿ ಕುಳಿತಿದ್ದ ಅಜ್ಮಲ್‌ನನ್ನು 11-50ಕ್ಕೆ ಠಾಣೆಗೆ ಕರೆತಂದರು. ಮೂವತ್ತೊಂದು ವರ್ಷ, ಮಲ್ಪೆಯ ಹತ್ತಿರದವನು. ಎರಡೂ ಅಂಗೈಗಳಿಗೆ ಬ್ಯಾಂಡೇಜು. ಅವನಿಗೆ ಬರುವ ಅರಬ್ಬಿ ಯಲ್ಲಾ, ಖಲಾಸ್‌ಗಳ ಆಚೆ ದಾಟುವುದಿಲ್ಲ. ಹಾಗಾಗಿ ಕಮಾಲುದ್ದೀನ್‌ಗೆ ಫೋನ್ ಹೋಯಿತು. ಭಟ್ಕಳದ ಕಮಾಲುದ್ದೀನ್ ಮೂವತ್ತನಾಲ್ಕು ವರ್ಷಗಳಿಂದ ಖೋಬರ್‌ನಲ್ಲಿ ಅತ್ತರಿನ ಅಂಗಡಿ ಇಟ್ಟವನು. ನಮ್ಮ ಕಡೆಯವರು ಕೇಸಿಗೆ ಸಿಕ್ಕಾಗಲೆಲ್ಲ ಠಾಣೆಗೆ ಬಂದು ದುಭಾಷಿ ಕೆಲಸ ಮಾಡುತ್ತಾನೆ. ಅವನ ಮನೆಮಾತು ನವಾಯತಿ, ಅಜ್ಮಲ್‌ನದು ಬ್ಯಾರಿ. ಇಬ್ಬರನ್ನೂ ಕೂಡಿಸುವುದು ಕನ್ನಡ.

“ಅಲಾರಂ ಬಂದ್ ಮಾಡಿದ್ದು ಯಾರು?” ನವ್ವಾಫ್ ಕೇಳಿದ.

“ನಾನೇ.”

“ಯಾರು ಹೇಳಿದರು?”

ಅಜ್ಮಲ್ ಬ್ಯಾಂಡೇಜಿನ ಕೈಗಳನ್ನೇ ನೋಡಿದ.

“ಮಾತಾಡು ಮಾರಾಯ, ಸುಮ್ಮನಿದ್ರೆ ಎಂತ ಸಿಗ್ತದೆ ನಿನಗೆ?” ಕಮಾಲುದ್ದೀನ್ ತನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದ. “ಆ ಸಾದುಲ್ಲಾ ಸತ್ರೆ ನೀನು ಜೈಲಲ್ಲೇ ಮುದುಕ ಆಗುದು.”

“ನಾನೇ ಒತ್ತಿದ್ದು ಅಂತ ಬರೆಯಿರಿ, ಸಾಕು.”

“ನಿಲ್ಲಿಸುವ ಮೊದಲು ಅನಿಲದ ವಾಸನೆ ಮೂಸಿ ನೋಡಿದ್ದು ಯಾರು?”

“ನನಗೆ ಹೇಳ್ಲಿಕ್ಕೆ ಆಗುದಿಲ್ಲ.”

ನವ್ವಾಫ್ ಪೆನ್ನು ಕೆಳಗಿಟ್ಟ. ಗೊತ್ತಿಲ್ಲ ಎನ್ನುವವನೂ ಹೇಳಲಾಗುವುದಿಲ್ಲ ಎನ್ನುವವನೂ ಬೇರೆ ಬೇರೆ ಎಂಬುದು ಹದಿನಾರು ವರ್ಷದ ಸರ್ವೀಸಿನಲ್ಲಿ ಅವನಿಗೆ ಚೆನ್ನಾಗಿ ತಿಳಿದಿತ್ತು.

ಮಧ್ಯಾಹ್ನ 2-10ಕ್ಕೆ ಸ್ಥಳದ ಪಂಚನಾಮೆ. ನವ್ವಾಫ್ ಮತ್ತು ಕಮಾಲುದ್ದೀನ್ ಜತೆ ಸಾರ್ಜೆಂಟ್ ಲುಜೈನ್ ಇದ್ದಳು. ಕಡಿಮೆ ಮಾತಿನ, ಕಾಗದದ ಮೇಲೆ ಕಣ್ಣು ನೆಟ್ಟರೆ ಕೀಳದ ಹೆಣ್ಣು. ಯಂತ್ರಕೋಣೆಯ ಮೂರನೇ ವಾಲ್ವಿನ ಸಂದು ಮುಚ್ಚುವ ಗ್ಯಾಸ್ಕೆಟ್ ಹರಿದಿತ್ತು. ಮೊದಲು ಸಣ್ಣಗೆ ಸೋರುತ್ತಿದ್ದದ್ದು, ಸಾದುಲ್ಲಾ ಹತ್ತಿರ ಹೋದಾಗಲೇ ಕಿತ್ತು ಅವನ ಮುಖಕ್ಕೆ ಹೊಡೆದಿದೆ ಎಂದು ತಜ್ಞ ಹೇಳಿದ. ಅನಿಲದ ಮಾಸ್ಕು ಬಾಗಿಲ ಪಕ್ಕದ ಗೂಟದಲ್ಲೇ ನೇತಾಡುತ್ತಿತ್ತು. ಅಜ್ಮಲ್ ಬರಿಗೈಯಲ್ಲೇ ಅವನನ್ನು ಹೊರಗೆಳೆದಿದ್ದ.

ಲಾಗ್‌ಬುಕ್ ವಶಪಡಿಸಿಕೊಂಡರು. ಗಂಟೆಗೊಮ್ಮೆ ಒತ್ತಡ, ಉಷ್ಣಾಂಶ ಬರೆಯುವ ಪುಸ್ತಕ. ಕೊನೆಯ ಕಾಲಂ ವಾಸನೆಯದ್ದು. ಸೆನ್ಸರ್ ಇದ್ದರೂ ಅನುಭವಸ್ಥನೊಬ್ಬ ಬಾಗಿಲಲ್ಲಿ ನಿಂತು ಮೂಸಿ ನೋಡಿ ಸಹಿ ಹಾಕಬೇಕು. 11ನೇ ತಾರೀಕು ಒಂಬತ್ತು ಗಂಟೆಯ ಸಾಲಿನಲ್ಲಿ ‘ಇಲ್ಲ’ ಎಂದು ಬರೆದು ಅಜ್ಮಲ್‌ನ ಸಹಿ ಇತ್ತು.

ಕಂಟ್ರೋಲ್ ರೂಮಿನ ಬಾಗಿಲಲ್ಲಿ ಫೋರ್‌ಮನ್ ಪೊಡಿಯಬ್ಬ ನಿಂತಿದ್ದ. ಐವತ್ತೆಂಟು ವರ್ಷ, ಬಿಳಿ ಗಡ್ಡ, ಮೂರು ಮಾರು ದೂರಕ್ಕೇ ಹೊಡೆಯುವ ಅತ್ತರು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ಬೋಟುಗಳಿಗೆ ಐಸು ಮಾಡಿದವನು. ಎಲ್ಲಿ ಸೋರಿದರೂ ಪೈಪಿನ ಉದ್ದಕ್ಕೂ ಮೂಸುತ್ತ ಹೋಗಿ ಜಾಗ ತೋರಿಸುತ್ತಿದ್ದನಂತೆ. ಊರಲ್ಲೂ ಇಲ್ಲೂ ಅವನು ‘ಮೂಗು ಪೊಡಿಯಬ್ಬ’. ಅಜ್ಮಲ್ ಅವನ ಅಳಿಯ.

“ಅಲಾರಂ ಬಡಿದಾಗ ನೀವೆಲ್ಲಿದ್ದಿರಿ?”

“ಆಚೆ ರಿಂಕಿನಲ್ಲಿ.”

“ವಾಸನೆ ನೋಡಿದ್ದು?”

“ಅಜ್ಮಲ್ ಇರಬೇಕು. ಅವನ ಸಹಿ ಉಂಟಲ್ಲ.”

“ಅವನು ನಿಮ್ಮ ಮಗಳ ಗಂಡ.”

“ಹೌದು. ಆದ್ರೆ ಎಂತ ಮಾಡುದು ಸಾಹೇಬ್ರೆ, ತಪ್ಪು ತಪ್ಪೇ ಅಲ್ವಾ?”

ಇದನ್ನು ಅರಬ್ಬಿಗೆ ತಿರುಗಿಸುವಾಗ ಕಮಾಲುದ್ದೀನ್‌ನ ನಾಲಿಗೆ ತಡವರಿಸಿತು. ಅಳಿಯ ಮನೆಗೆ ಬಂದರೆ ಕೋಳಿ ಕೊಯ್ದು, ತಾನು ನೆಲದಲ್ಲಿ ಕುಳಿತು ಅವನನ್ನು ಕುರ್ಚಿಯಲ್ಲಿ ಕೂರಿಸುವ ಜನ ಇವರು! ಅಂಥ ಅಳಿಯನನ್ನು ಒಂದೇ ಮಾತಿಗೆ ಪೊಲೀಸರ ಕೈಗೆ ಕೊಡುತ್ತಾನಲ್ಲ ಈ ಮನುಷ್ಯ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಜನವರಿ 13, ಮಂಗಳವಾರ. ಇಲ್ಹಾಮ್ ಮೂರು ಸಲ ಫೋನ್ ಮಾಡಿದಳು. 22ಕ್ಕೆ ಮೊದಲ ಟೂರ್ನಿ ಇದೆ, ಆರೋಪಿ ಸಿಕ್ಕಿದ್ದಾನೆ, ಇನ್ನೇನು ತಡ ಎಂದು ಮೇಲಿನವರು ಅವಳ ಪ್ರಾಣ ತಿನ್ನುತ್ತಿದ್ದರಂತೆ. ಲುಜೈನ್ ಅವಳನ್ನು ಕೇಳಿದ್ದು ಒಂದೇ.

“ಲಾಗ್‌ಬುಕ್ ಪುಟದ ಫೋಟೊ ತೆಗೆಯುವ ಪದ್ಧತಿ ಇದೆಯೇ?”

“ಇದೆ. ಗಂಟೆಗೊಮ್ಮೆ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಯಾರೂ ನೋಡುವುದಿಲ್ಲ.”

ಲುಜೈನ್ ನೋಡಿದಳು. 11ರಂದು 9-15ಕ್ಕೆ ಸಾದುಲ್ಲಾ ಹಾಕಿದ ಫೋಟೊ ಅಲ್ಲಿತ್ತು. ಒಂಬತ್ತು ಗಂಟೆಯ ಸಾಲಿನಲ್ಲಿ ಒತ್ತಡ ಇದೆ, ಉಷ್ಣಾಂಶ ಇದೆ. ವಾಸನೆಯ ಕಾಲಂ ಖಾಲಿ. 9-17ಕ್ಕೆ ಅವಘಡ. 9-31ಕ್ಕೆ ಅಜ್ಮಲ್ ಆಂಬುಲೆನ್ಸ್ ಹತ್ತಿದವನು ಠಾಣೆಗೆ ಬರುವವರೆಗೆ ಆಸ್ಪತ್ರೆ ಬಿಟ್ಟು ಕದಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯಲ್ಲಿ ಸಹಿ ಮಾಡಲೂ ಆಗದು. ಹಾಗಾದರೆ ಆ ಸಹಿ ಯಾರದು? ಕಂಟ್ರೋಲ್ ರೂಮಿನ ಹೊರಗಿನ ಕ್ಯಾಮೆರಾದಲ್ಲಿ ಉತ್ತರ ಇತ್ತು. 10-05ಕ್ಕೆ ಪೊಡಿಯಬ್ಬ ಒಬ್ಬನೇ ಒಳಗೆ ಹೋಗಿ 10-09ಕ್ಕೆ ಹೊರಬಂದಿದ್ದ.

“ಈಗಲೇ ಹಿಡಿಯೋಣವೇ?” ಎಂದಳು ಲುಜೈನ್.

“ಸಹಿ ಹಾಕಿದ ಎನ್ನುವುದು ಗೊತ್ತಾಯಿತು. ಯಾಕೆ ಹಾಕಿದ ಎನ್ನುವುದು ಬೇಕು,” ಎಂದ ನವ್ವಾಫ್. “ಅಲಾರಂ ನಿಲ್ಲಿಸಿದ್ದು ಇನ್ನೂ ಅಳಿಯನ ಕೋಡೇ.”

ಅವಳು ಯಂತ್ರಗಳು ಶುರುವಾದಂದಿನಿಂದ ಹದಿನಾಲ್ಕು ತಿಂಗಳ ಲಾಗ್‌ಬುಕ್‌ಗಳನ್ನೆಲ್ಲ ತರಿಸಿದಳು. ಸಂಜೆಯ ಹೊತ್ತಿಗೆ ಒಂದು ಚೀಟಿ ಕ್ಯಾಪ್ಟನ್ನನ ಮೇಜಿಗೆ ಬಂತು. ಎರಡನೇ ಪಾಳಿಯ ಫೋರ್‌ಮನ್ ಹಸನ್ ಕುಂಞಿ ಈ ಅವಧಿಯಲ್ಲಿ ಹನ್ನೊಂದು ಸಲ ‘ಸ್ವಲ್ಪ ವಾಸನೆ ಇದೆ’ ಎಂದು ಬರೆದು ರಿಪೇರಿ ಮಾಡಿಸಿದ್ದಾನೆ. ಅದೇ ಯಂತ್ರ, ಅದೇ ಪೈಪು. ಮೂಗಿಗೇ ಹೆಸರಾದ ಪೊಡಿಯಬ್ಬನ ಪಾಳಿಯಲ್ಲಿ ಒಂದೇ ಒಂದು ಸಲವೂ ವಾಸನೆ ಬಂದಿಲ್ಲ.

ಜನವರಿ 14, ಬುಧವಾರ. ಬೆಳಿಗ್ಗೆ 11-10ಕ್ಕೆ ನವ್ವಾಫ್ ಮತ್ತು ಕಮಾಲುದ್ದೀನ್ ಥುಕ್ಬಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿ ಹತ್ತಿದರು. ಮಾವ, ಮಗಳು, ಅಳಿಯ ವಾಸವಿದ್ದದ್ದು ಇದೇ ಮನೆಯಲ್ಲಿ; ಅಜ್ಮಲ್ ಇನ್ನೂ ಲಾಕಪ್ಪಿನಲ್ಲಿದ್ದ. ಮಗಳು ಶಹಾನಾ ಮಗುವನ್ನು ಕರೆದುಕೊಂಡು ಕೆಳಗಿನ ಅಂಗಡಿಗೆ ಹೋಗಿದ್ದಳು. ಪೊಡಿಯಬ್ಬನೇ ಬಾಗಿಲು ತೆರೆದು ಅಡುಗೆಮನೆಗೆ ತಾಗಿದ ಹಾಲ್‌ನಲ್ಲಿ ಕೂರಿಸಿದ.

“ನಿಮ್ಮ ಪಾಳಿಯಲ್ಲಿ ಸೋರಿಕೆಯೇ ಇಲ್ಲವಲ್ಲ?” ನವ್ವಾಫ್ ಶುರು ಮಾಡಿದ.

“ನಾನು ಇರುವಾಗ ಸೋರ್ಲಿಕ್ಕೆ ಬಿಡುದಿಲ್ಲ. ಅಮೋನಿಯಾ ಇಷ್ಟೇ ಇಷ್ಟು ಬಂದ್ರೂ ನನಗೆ ಗೊತ್ತಾಗ್ತದೆ. ಮಲ್ಪೆಯಲ್ಲಿ ಬೇಕಾದ್ರೆ ಯಾರನ್ನು ಬೇಕಾದ್ರೂ ಕೇಳಿ.”

11-22ಕ್ಕೆ ಕಮಾಲುದ್ದೀನ್‌ಗೆ ವಾಸನೆ ಬಂತು. ಒಳಗೆ ಒಲೆಯ ಮೇಲಿದ್ದ ಬಂಗುಡೆ ಸಾರು ಅಡಿ ಹಿಡಿಯುತ್ತಿತ್ತು. ಮನೆಯ ಯಜಮಾನ ಈಗ ಏಳುತ್ತಾನೆ ಎಂದು ಕಾದ. ಪೊಡಿಯಬ್ಬ ಏಳಲಿಲ್ಲ. ಮುರಿದ ಪೈಪನ್ನು ತಾನು ಕತ್ತಲಲ್ಲೇ ಮೂಸಿ ಹಿಡಿದ ಕತೆ ಹೇಳುತ್ತಿದ್ದ. ತೆಂಗಿನಕಾಯಿ ಕರಟಿದ ಕಹಿ ಗಂಟಲಿಗೆ ಇಳಿಯಿತು. ಅತಿಥಿಯಾಗಿ ಬಂದವನು ‘ನಿಮ್ಮ ಸಾರು ಸೀದಿತು’ ಎನ್ನುವುದು ಹೇಗೆ? ಕಮಾಲುದ್ದೀನ್ ಬಾಯಿ ತೆರೆದ. ನವ್ವಾಫ್ ಕಣ್ಣಲ್ಲೇ ಅವನನ್ನು ತಡೆದು ವಾಚು ನೋಡಿಕೊಂಡ.

“ಮತ್ತೆ?” ಎಂದ.

“ಮತ್ತೆಂತ, ಆ ಬೋಟಿನವರು ನನಗೆ ಸನ್ಮಾನ ಮಾಡಿದ್ರು. ಮೀಟರ್‌ಗಿಂತ ಪೊಡಿಯಬ್ಬಾಕನ ಮೂಗು ಮೇಲು ಅಂತ ಮೈಕಲ್ಲಿ ಹೇಳಿದ್ರು.”

11-29ಕ್ಕೆ ಬಾಗಿಲು ದಡಾರನೆ ತೆರೆಯಿತು. “ಬಾಪ! ಒಲೆ ನೋಡಿಕೊಳ್ಳಿ ಅಂತ ಹೇಳಿ ಹೋಗಿದ್ದೆನಲ್ಲ!” ಶಹಾನಾ ಸಾಮಾನಿನ ಚೀಲವನ್ನು ಅಲ್ಲೇ ಕುಕ್ಕಿ ಒಳಗೋಡಿದಳು. ಅಡುಗೆಮನೆಯಿಂದ ಆಗಷ್ಟೇ ನೀಲಿ ಹೊಗೆ ಕಾಣಿಸತೊಡಗಿತ್ತು. ಪೊಡಿಯಬ್ಬ ಆ ಹೊಗೆಯನ್ನೂ ಬಂದವರ ಮುಖವನ್ನೂ ನೋಡಿದ. ಎದ್ದು ಕಿಟಕಿ ತೆರೆದ. ಅವನ ಕಿವಿಗಳು ಕೆಂಪಾಗಿದ್ದವು.

ಕಾರಿನಲ್ಲಿ ಕುಳಿತ ಮೇಲೆ ನವ್ವಾಫ್ ಕೇಳಿದ. “ನೀವು ಅತ್ತರಿನವರು. ನಿಮಗೆ ಹೊಸದಾಗಿ ಹೇಳಬೇಕೇ?”

ಕಮಾಲುದ್ದೀನ್ ಲೆಕ್ಕ ಹಾಕಿದ. ಶುಕ್ರವಾರ ಮಸೀದಿಯಲ್ಲಿ ಎಲ್ಲರ ಮುಖ ನೋಡಬೇಕು. ಭಟ್ಕಳದವನು ನಮ್ಮವನನ್ನು ಹಿಡಿದುಕೊಟ್ಟ ಎಂಬ ಮಾತು ಮಲ್ಪೆಯವರೆಗೂ ಹೋಗುತ್ತದೆ. ದುಭಾಷಿಯ ಕೆಲಸ ತಿರುಗಿಸಿ ಹೇಳುವುದಷ್ಟೇ, ಸಾಕ್ಷಿ ಹೇಳುವುದಲ್ಲ ಎಂದು ಜಾರಿಕೊಳ್ಳಲೂಬಹುದಿತ್ತು. ಆದರೆ ಬ್ಯಾಂಡೇಜು ಸುತ್ತಿದ ಆ ಎರಡು ಕೈಗಳು ಅವನ ಕಣ್ಣ ಮುಂದೆ ಬಂದವು.

“ಅವನು ನನ್ನ ಅಂಗಡಿಗೆ ಐದು ವರ್ಷದಿಂದ ಬರುತ್ತಾನೆ,” ಎಂದ ಕೊನೆಗೂ. “ಅತ್ತರು ಕೊಳ್ಳುವವರು ಯಾರೇ ಆಗಲಿ, ಮಣಿಕಟ್ಟಿಗೆ ಹಚ್ಚಿ ಮೂಸುತ್ತಾರೆ. ಇವನು ಮೂಸುವುದಿಲ್ಲ. ಯಾವುದು ಹೆಚ್ಚು ಗಾಢ ಎಂದು ಕೇಳಿ ಅದನ್ನೇ ಒಯ್ಯುತ್ತಾನೆ. ಮೈಯ ಬೆವರು ನಾರುತ್ತದೋ ಇಲ್ಲವೋ ತಿಳಿಯದವನು ಹಾಗೆ ಸುರಿದುಕೊಳ್ಳುತ್ತಾನೆ. ನಾವು ಹಿಂದಿನಿಂದ ಮದುಮಗ ಹೋದ ಎಂದು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಮೂವತ್ತನಾಲ್ಕು ವರ್ಷ ಮೂಗಿನಿಂದಲೇ ಅನ್ನ ತಿಂದವನಿಗೆ ಇದು ಹೊಳೆಯಬೇಕಿತ್ತು, ಥೂ.”

ಜನವರಿ 15, ಗುರುವಾರ. ಅಭಿಯೋಜಕರ ಅನುಮತಿ ಪಡೆದು ಬೆಳಿಗ್ಗೆ 9-30ಕ್ಕೆ ಪೊಡಿಯಬ್ಬನನ್ನು ಆಸ್ಪತ್ರೆಯ ಮೂಗಿನ ವೈದ್ಯರ ಬಳಿ ಒಯ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಐದು ಸಣ್ಣ ಸೀಸೆಗಳನ್ನು ಒಂದೊಂದಾಗಿ ಹಿಡಿದರು. ಲವಂಗಕ್ಕೆ ಅವನು ಗುಲಾಬಿ ಎಂದ. ಗುಲಾಬಿಗೆ ಏಲಕ್ಕಿ ಎಂದ. ಏಲಕ್ಕಿಗೆ ಸಾಬೂನು, ಕಾಫಿಗೆ ಲವಂಗ. ಐದನೆಯದರಲ್ಲಿ ಬರೀ ನೀರಿತ್ತು. ಅದನ್ನು ಅವನು ಎಲ್ಲಕ್ಕಿಂತ ಹೆಚ್ಚು ಹೊತ್ತು ಮೂಸಿ, “ಇದು ಕಾಫಿ, ಗ್ಯಾರಂಟಿ,” ಎಂದ. ವೈದ್ಯರು ತಲೆ ತಗ್ಗಿಸಿ ಬರೆದುಕೊಂಡರು. ನೋಡುತ್ತಿದ್ದ ಕಮಾಲುದ್ದೀನ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದೇ ಆಸ್ಪತ್ರೆಯ ಐಸಿಯುನಲ್ಲಿ ಸಾದುಲ್ಲಾನ ಗಂಟಲಿನ ಕೊಳವೆಯನ್ನು ಅಂದು ಬೆಳಿಗ್ಗೆ ತೆಗೆದಿದ್ದರು. ಬೀದರಿನವನು, ನಲವತ್ತು ವರ್ಷ. ಬಲಗಣ್ಣು ಹೋಗಿತ್ತು, ಎಡಗಣ್ಣು ಉಳಿಯುವ ಆಸೆ ಇತ್ತು. 11-15ಕ್ಕೆ ವೈದ್ಯರು ಐದು ನಿಮಿಷ ಕೊಟ್ಟರು.

“ಒಳಗೆ ಹೋಗು ಎಂದವರು ಯಾರು?” ನವ್ವಾಫ್ ಕೇಳಿದ.

“ಪೊಡಿಯಬ್ಬ ಉಸ್ತಾದ್. ಬಾಗಿಲಲ್ಲಿ ನಿಂತು ಮೂಸಿ ನೋಡಿದ್ರು. ಏನೂ ಇಲ್ಲ, ಸೆನ್ಸರ್ ಒರೆಸಿ ಬಾ ಅಂದ್ರು.” ಸಾದುಲ್ಲಾ ಉಸಿರು ಎಳೆದುಕೊಂಡ. “ನನಗೆ ವಾಸನೆ ಬಂತು ಸಾಬ್.”

“ಬಂತೇ? ಮತ್ತೆ ಯಾಕೆ ಹೋದೆ?”

“ಉಸ್ತಾದ್ ಇಲ್ಲ ಅಂದಮೇಲೆ ನನ್ನ ಮೂಗೇ ಸುಳ್ಳು ಅನ್ಕೊಂಡೆ.”

ಮಧ್ಯಾಹ್ನ 12-40ಕ್ಕೆ ಪೊಡಿಯಬ್ಬನನ್ನು ಬಂಧಿಸಲಾಯಿತು. ಆರೋಪ ಎರಡು. ನಿರ್ಲಕ್ಷ್ಯದಿಂದ ಗಂಭೀರ ಗಾಯ, ಸಹಿಯ ಫೋರ್ಜರಿ. ಹೇಳಿಕೆ ಠಾಣೆಯಲ್ಲಿ 1-30ಕ್ಕೆ ಶುರುವಾಯಿತು.

“ಸಹಿ ಹಾಕಿದ್ದು ನಾನೇ,” ಎಂದು ಅವನು ಕೂತ ಕೂಡಲೇ ಒಪ್ಪಿಕೊಂಡ. “ಹೆದರಿಕೆಯಿಂದ ಹಾಕಿದೆ ಅಂತ ಬರೆಯಿರಿ. ಎಷ್ಟು ವರ್ಷ ಕೊಡ್ತೀರಿ ಕೊಡಿ. ಆದ್ರೆ ಕಮಾಲುದ್ದೀನ್ ಸಾಹೇಬ್ರೆ, ನಿಮ್ಮ ಕಾಲು ಹಿಡೀತೇನೆ, ಆ ಮೂಗಿನ ವಿಷಯ ಬೇಡ. ಅದೊಂದು ಬರೆಯುದು ಬೇಡ ಅಂತ ಹೇಳಿ.”

ಕಮಾಲುದ್ದೀನ್ ಹೇಳಿದ. ನವ್ವಾಫ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

“ಅದನ್ನು ಬಿಟ್ಟರೆ ಅಲಾರಂ ನಿಲ್ಲಿಸಿದ ತಪ್ಪು ಅಜ್ಮಲ್‌ನ ತಲೆಯ ಮೇಲೇ ಉಳಿಯುತ್ತದೆ. ನಿಮ್ಮ ಮಾತು ನಂಬಿ ಒತ್ತಿದ ಎಂದು ನೀವೇ ಹೇಳಬೇಕು. ಆ ಮಾತು ಯಾಕೆ ಸುಳ್ಳಾಯಿತು ಎಂದೂ ಹೇಳಬೇಕು. ನಿಮಗೆ ಯಾವುದು ಬೇಕು?”

ಲುಜೈನ್ ದಾಖಲೆಯಲ್ಲಿ ಬರೆದಂತೆ, ಆರೋಪಿ ಹನ್ನೊಂದು ನಿಮಿಷ ಮಾತಾಡಲಿಲ್ಲ. ಅಬ್ಬಾ, ಅಳಿಯನ ಜೈಲನ್ನೂ ತನ್ನ ಮಾನವನ್ನೂ ಹನ್ನೊಂದು ನಿಮಿಷ ತೂಗಿದ ಆ ಮುದುಕ! ಆಮೇಲೆ ಮಾತಾಡಿದ.

“ಕೊರೊನಾ ಬಂತಲ್ಲ ಸಾಹೇಬ್ರೆ, ಆಗ ಹೋದದ್ದು. ಎಲ್ಲರಿಗೂ ವಾಪಸ್ ಬಂತು, ನನಗೆ ಬರ್ಲಿಲ್ಲ. ಒಂದು ತಿಂಗಳು ಕಾದೆ, ವರ್ಷ ಕಾದೆ. ಆಮೇಲೆ ಹೇಳ್ಲಿಕ್ಕೆ ನಾಚಿಕೆ. ಕೈ ಹೋದವನು ಹೇಳ್ತಾನೆ, ಕಣ್ಣು ಹೋದವನು ಹೇಳ್ತಾನೆ. ಮೂಗು ಪೊಡಿಯಬ್ಬನಿಗೆ ಮೂಗಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳುದು? ಸೆನ್ಸರ್ ಉಂಟಲ್ಲ, ಅದು ನೋಡಿಕೊಳ್ತದೆ ಅಂತ ಇದ್ದೆ.”

“ಆ ಸೆನ್ಸರ್ ಬಡಿದುಕೊಂಡಿತು.”

“ಹಿಂದಿನ ವಾರ ಎರಡು ಸಲ ಸುಮ್ಮನೆ ಬಡಿದಿತ್ತು. ಅವತ್ತು ಮೇಲೆ ಪ್ರಾಕ್ಟೀಸ್ ಇತ್ತು. ಬಾಗಿಲಲ್ಲಿ ನಿಂತು ಮೂಸಿದೆ. ಏನೂ ಇರ್ಲಿಲ್ಲ.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಐದೂವರೆ ವರ್ಷದಿಂದ ಎಲ್ಲಿಯೂ ಏನೂ ಇರ್ಲಿಲ್ಲವಲ್ಲ. ವಾಕಿಟಾಕಿಯಲ್ಲಿ ಅಜ್ಮಲ್‌ಗೆ ನಮ್ಮ ಭಾಷೆಯಲ್ಲೇ ಹೇಳಿದೆ, ನಾನು ನೋಡಿದ್ದೇನೆ, ಒತ್ತು ಅಂತ. ಮಾವ ಹೇಳಿದ ಮೇಲೆ ಅವನು ಎದುರು ಮಾತಾಡುದುಂಟಾ? ಇಲ್ಲಿಯೂ ನನ್ನ ಹೆಸರು ತೆಗೀಲಿಲ್ಲ ಅವನು. ನಾನು ತೆಗೆದೆ ಅವನ ಹೆಸರು.”

ನವ್ವಾಫ್ ನೀರಿನ ಬಾಟಲಿಯನ್ನು ಅವನತ್ತ ಸರಿಸಿದ. ಪೊಡಿಯಬ್ಬ ಅದನ್ನು ಮುಟ್ಟಲಿಲ್ಲ. ಹೇಳಿಕೆ ನಾಲ್ಕು ಪುಟವಾಯಿತು. ಮೂಗಿನ ವಿಷಯ ಎರಡನೇ ಪುಟದಲ್ಲಿತ್ತು. ಪ್ರತಿ ಪುಟಕ್ಕೂ ಅವನು ತನ್ನದೇ ಸಹಿ ಹಾಕಿದ.

ಅಜ್ಮಲ್‌ನನ್ನು 4-50ಕ್ಕೆ ಬಿಟ್ಟರು. ಮಾವನನ್ನು ಲಾಕಪ್ಪಿಗೆ ಒಯ್ಯುವಾಗ ಇಬ್ಬರೂ ಕಾರಿಡಾರಿನಲ್ಲಿ ಎದುರಾದರು. ಅಜ್ಮಲ್ ಅಭ್ಯಾಸಬಲದಿಂದ ಗೋಡೆಗೆ ಸರಿದು ದಾರಿ ಬಿಟ್ಟ. ಪೊಡಿಯಬ್ಬ ತಲೆ ಎತ್ತದೆ ಹೋದ.

ಶಹಾನಾ ಗಂಡನನ್ನು ಕರೆದೊಯ್ಯಲು ಮೂರು ವರ್ಷದ ಮಗಳು ಹನೀನ್‌ಳನ್ನು ಎತ್ತಿಕೊಂಡು ಬಂದಿದ್ದಳು. ಕೇಸಿಗೆ ಅವಳ ಹೇಳಿಕೆ ಅಷ್ಟೇನೂ ಬೇಕಿರಲಿಲ್ಲ. ಫೈಲು ಪೂರ್ತಿಯಾಗಲಿ ಎಂದು ಲುಜೈನ್ ಕೇಳಿದಳು, ಕಮಾಲುದ್ದೀನ್ ಕನ್ನಡಕ್ಕೆ ತಿರುಗಿಸಿದ. ಅಜ್ಮಲ್ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ.

“ತಂದೆಗೆ ವಾಸನೆ ತಿಳಿಯುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ?”

ಶಹಾನಾ ಮಗುವಿನ ಕೂದಲು ಸರಿಮಾಡಿದಳು. ಸರಿಯಾಗಿಯೇ ಇದ್ದ ಕೂದಲನ್ನು ಮತ್ತೊಮ್ಮೆ ಸರಿಮಾಡಿದಳು.

“ಗೊತ್ತಿತ್ತು.”

“ಯಾವಾಗಿನಿಂದ?”

“ಇವಳು ಹುಟ್ಟಿದ ದಿನದಿಂದ. ಬಾಪ ಇವಳನ್ನು ಎತ್ತಿಕೊಂಡು ನೆತ್ತಿ ಮೂಸಿದ್ರು. ಮತ್ತೆ ಮೂಸಿದ್ರು, ಮತ್ತೆ ಮತ್ತೆ ಮೂಸಿದ್ರು. ಆಮೇಲೆ ಅತ್ತುಬಿಟ್ರು. ಎಲ್ಲರೂ ಖುಷಿಗೆ ಅತ್ತದ್ದು ಅಂದ್ಕೊಂಡ್ರು. ನನಗೆ ಅವತ್ತೇ ತಿಳೀತು.”

“ಯಾರಿಗಾದರೂ ಹೇಳಿದಿರಾ? ಗಂಡನಿಗೆ?”

“ಇಲ್ಲ,” ಎಂದಳು ಶಹಾನಾ. “ಬಾಪನಿಗೆ ನಾಚಿಕೆ ಆಗ್ತದೆ ಅಂತ.”

ಕಮಾಲುದ್ದೀನ್ ಅದನ್ನು ಒಂದಕ್ಷರ ಬಿಡದೆ ಅರಬ್ಬಿಗೆ ತಿರುಗಿಸಿದ. ಅಜ್ಮಲ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಹದಿನಾಲ್ಕು ತಿಂಗಳು ಅವನು ಪ್ರತಿದಿನ ಆ ಮೂಗನ್ನು ನಂಬಿ ನೆಲಮಾಳಿಗೆಗೆ ಇಳಿದಿದ್ದ. ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ಅವಳೇ. ಅವನು ಎದ್ದು ಹೊರಗೆ ಹೋದ.

ಶಹಾನಾ 5-40ಕ್ಕೆ ಸಹಿ ಹಾಕಿದಳು. ಹೋಗಬಹುದು ಎಂದು ಲುಜೈನ್ ಹೇಳಿದ ಮೇಲೂ ಅವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದಳು.